ಸೋಲ್ ಇಲ್ಲದೆ ಸೌಂಡ್ ಸಿಸ್ಟಮ್ ಎಲ್ಲಿಂದ ಬಂತು ಸ್ವಾಮಿ?

ಹಳೇಸೂಜಿ

ಬೇರೊಂದು ಚರ್ಚೆಯಲ್ಲಿ ಯಾರೋ ಬರೆದಿದ್ದರು: ಸೌಂಡ್ ಸಿಸ್ಟಮ್ ಅಂದರೆ ರೆಗ್ಗೆ, ಸೋಲ್ ಅಂದರೆ ಮೋಟೌನ್, ಎರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಅಂತ. (ಹೊಸಬರಿಗೆ: ಸೌಂಡ್ ಸಿಸ್ಟಮ್, ಚಿಕ್ಕದಾಗಿ ಸೌಂಡ್, ಅಂದರೆ ದೊಡ್ಡ ಸ್ಪೀಕರ್ ಪೆಟ್ಟಿಗೆ ನಿಲ್ಲಿಸಿ ರೆಕಾರ್ಡ್ ಹಾಕಿ ಡ್ಯಾನ್ಸ್ ನಡೆಸುವ ಜಮೈಕಾದ ಪದ್ಧತಿ. ರೆಗ್ಗೆ ಜಮೈಕಾದ ಸಂಗೀತ, ಸೋಲ್ ಅಮೆರಿಕದ ಕಪ್ಪುಜನರದು, ಮೋಟೌನ್ ಡೆಟ್ರಾಯಿಟ್‌ನ ಸೋಲ್ ರೆಕಾರ್ಡ್ ಕಂಪನಿ.) ಅಲ್ಲೇ ಉತ್ತರಿಸಲು ಕೂತೆ, ಬರೆದಷ್ಟೂ ಬೆಳೆಯಿತು. ಅದಕ್ಕೇ ಇಲ್ಲಿ ಬೇರೆಯಾಗಿ ಹಾಕಿದ್ದೇನೆ. ಪುರುಸೊತ್ತಿದ್ದವರು ಓದಿ, ಜಗಳಕ್ಕೆ ಬರುವವರಿಗೂ ಸ್ವಾಗತ.

ನನ್ನ ಊರು ಮೈಸೂರು. ಎಪ್ಪತ್ತರ ದಶಕದ ಕೊನೆಯಲ್ಲಿ ದಕ್ಷಿಣ ಲಂಡನ್‌ನ ಒಂದು ರೇಡಿಯೋ-ಟಿವಿ ರಿಪೇರಿ ಅಂಗಡಿಗೆ ಸೇರಿಕೊಂಡೆ. ವಾರವಿಡೀ ಟಿವಿ, ಶುಕ್ರವಾರ ಸಂಜೆಯಾದರೆ ಆಂಪ್ಲಿಫೈಯರ್. ಜಮೈಕಾದ ಹುಡುಗರು ವ್ಯಾನಿನಿಂದ ಇಳಿಸುತ್ತಿದ್ದರು. ಇಬ್ಬರು ಹಿಡಿದರೂ ತೋಳು ಇಳಿದುಹೋಗುವಂಥ ಉಕ್ಕಿನ ಪೆಟ್ಟಿಗೆ, ಮೇಲೆ ಸಾಲಾಗಿ ಗಾಜಿನ ಬುರುಡೆಯಂಥ ಕೆಟಿ88 ವಾಲ್ವ್‌ಗಳು, ಹಿಂದೆ ಇಟ್ಟಿಗೆಗಿಂತ ದಪ್ಪದ ಟ್ರಾನ್ಸ್‌ಫಾರ್ಮರ್. ಧೂಳಿನ ಜೊತೆ ಸುಟ್ಟ ರೆಸಿಸ್ಟರ್ ವಾಸನೆ. ‘ನಾಳೆ ರಾತ್ರಿ ಡ್ಯಾನ್ಸ್ ಇದೆ, ಹೇಗಾದರೂ ಮಾಡಿ’ ಎಂಬ ಒಂದೇ ಮಾತು. ಸರಿ ಮಾಡಿ ಕೊಟ್ಟ ಮೇಲೆ ಪರೀಕ್ಷೆಗೆ ಅವರು ಹಾಕುತ್ತಿದ್ದದ್ದು ಯಾವ ರೆಕಾರ್ಡ್ ಗೊತ್ತೇ? ಷಿಕಾಗೋದ ಸೋಲ್ ತಂಡ ಇಂಪ್ರೆಷನ್ಸ್. ಮೂರು ದನಿ, ಮೇಲೆ ಕರ್ಟಿಸ್ ಮೇಫೀಲ್ಡ್‌ನ ತೆಳು ಕಳ್ಳದನಿ. ಬೇಸ್ ಒಡೆದರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ, ಆ ದನಿ ಒಡೆದರೆ ಕಿವುಡನಿಗೂ ಗೊತ್ತಾಗುತ್ತದೆ ಅಂತ ಅವರ ಲೆಕ್ಕ. ನನಗೆ ಸೋಲ್ ಅಂಟಿದ್ದು ಹೀಗೆ, ಕೈಯಲ್ಲಿ ಸಾಲ್ಡರಿಂಗ್ ಕಡ್ಡಿ ಹಿಡಿದುಕೊಂಡೇ.

ಈಗ ವಿಷಯಕ್ಕೆ ಬರುತ್ತೇನೆ. 1940ರ ದಶಕದ ಕೊನೆಯ ಕಿಂಗ್‌ಸ್ಟನ್. ಬ್ಯಾಂಡ್ ಕರೆಸುವ ದುಡ್ಡು ಬಡವರ ಕೇರಿಯಲ್ಲಿ ಯಾರ ಹತ್ತಿರ ಇತ್ತು? ಹಾರ್ಡ್‌ವೇರ್ ಅಂಗಡಿಯ ಟಾಮ್ ವಾಂಗ್ ಎಂಬಾತ ‘ಟಾಮ್ ದಿ ಗ್ರೇಟ್ ಸೆಬಾಸ್ಟಿಯನ್’ ಅಂತ ಹೆಸರಿಟ್ಟುಕೊಂಡು, ದೊಡ್ಡ ಪೆಟ್ಟಿಗೆ ನಿಲ್ಲಿಸಿ ರೆಕಾರ್ಡ್ ಹಾಕತೊಡಗಿದ. ಅವನಿಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟವನು ಹೆಡ್ಲಿ ಜೋನ್ಸ್, ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ರೇಡಾರ್ ಕೆಲಸ ಕಲಿತವನು. ಆಮೇಲೆ ಬಂದರು ಇಬ್ಬರು ಘಟಾನುಘಟಿಗಳು. ಒಬ್ಬ ಡ್ಯೂಕ್ ರೀಡ್, ಮಾಜಿ ಪೊಲೀಸ್, ಹೆಂಡದಂಗಡಿ ಮಾಲೀಕ, ಸೊಂಟದಲ್ಲಿ ಪಿಸ್ತೂಲು. ಪೆಟ್ಟಿಗೆ ಸಾಗಿಸುವ ಟ್ರೋಜನ್ ಲಾರಿಯಿಂದಾಗಿ ಅವನ ಸೌಂಡ್‌ಗೆ ಟ್ರೋಜನ್ ಅಂತಲೇ ಹೆಸರು. ಇನ್ನೊಬ್ಬ ಕ್ಲೆಮೆಂಟ್ ಡಾಡ್, ಎಲ್ಲರ ಬಾಯಲ್ಲಿ ಕಾಕ್ಸನ್. (ಕ್ರಿಕೆಟ್ ಹುಚ್ಚರಿಗೆ: ಹುಡುಗನಾಗಿದ್ದಾಗ ಚೆನ್ನಾಗಿ ಆಡುತ್ತಿದ್ದ ಅಂತ ಯಾರ್ಕ್‌ಷೈರ್‌ನ ಅಲೆಕ್ ಕಾಕ್ಸನ್ ಹೆಸರನ್ನು ಗೆಳೆಯರು ಅಂಟಿಸಿದ್ದು.)

ಇವರು ಹಾಕುತ್ತಿದ್ದದ್ದು ರೆಗ್ಗೆ ಅಲ್ಲ. ರೆಗ್ಗೆ ಇನ್ನೂ ಹುಟ್ಟಿರಲಿಲ್ಲ. ಎಲ್ಲ ಅಮೆರಿಕದ ಕಪ್ಪುಜನರ ರಿದಮ್ ಅಂಡ್ ಬ್ಲೂಸ್, ಅಂದರೆ ಸೋಲ್‌ನ ಹೆತ್ತತಾಯಿ. ಕಾಕ್ಸನ್ ಅಮೆರಿಕಕ್ಕೆ ಹೊಲಗೆಲಸಕ್ಕೆ ಹೋದವನು ರೆಕಾರ್ಡ್ ಹೊತ್ತುಕೊಂಡು ಬಂದ. 50ರ ದಶಕದ ಕೊನೆಗೆ ಅಮೆರಿಕ ರಾಕ್ ಅಂಡ್ ರೋಲ್ ಕಡೆ ಹೊರಳಿದಾಗ ಕಿಂಗ್‌ಸ್ಟನ್‌ಗೆ ಬೇಕಾದ ಬಗೆಯ ರೆಕಾರ್ಡ್ ಬರುವುದು ಕಡಿಮೆಯಾಯಿತು. ಡ್ಯಾನ್ಸ್ ನಿಲ್ಲಿಸುವಂತಿಲ್ಲವಲ್ಲ, ತಾವೇ ಹಾಡಿಸಿ ಮುದ್ರಿಸಿಕೊಳ್ಳಲು ಶುರುಮಾಡಿದರು. ರೆಗ್ಗೆಗೂ ಮುಂಚಿನ ಜಮೈಕಾ ಸಂಗೀತ ಸ್ಕಾ ಹುಟ್ಟಿದ್ದೇ ಈ ಕೊರತೆಯಿಂದ. ಕಾಕ್ಸನ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಸ್ಟುಡಿಯೋ ಒನ್ ತೆರೆದ.

ಸ್ಕಾ ಆದಮೇಲೆ, ರೆಗ್ಗೆಗೆ ಮುಂಚೆ ಬಂದ ರಾಕ್‌ಸ್ಟೆಡಿ ಕಾಲಕ್ಕೆ ಬನ್ನಿ, 1966ರಿಂದ 68. ಡ್ಯೂಕ್ ರೀಡ್‌ಗೆ ಟೆಕ್ನಿಕ್ಸ್ ತಂಡ ಹಾಡಿದ ‘ಕ್ವೀನ್ ಮೆಜೆಸ್ಟಿ’ ಇಂಪ್ರೆಷನ್ಸ್‌ನ ‘ಮಿನ್‌ಸ್ಟ್ರೆಲ್ ಅಂಡ್ ಕ್ವೀನ್’ ಹಾಡೇ. ಬಾಬ್ ಮಾರ್ಲಿಯ 1977ರ ‘ಒನ್ ಲವ್’ ರೆಕಾರ್ಡ್ ಮೇಲೆ ಮೇಫೀಲ್ಡ್ ಹೆಸರು ಯಾಕಿದೆ ಅಂದುಕೊಂಡಿರಿ? ಒಳಗೆ ಅವನ ‘ಪೀಪಲ್ ಗೆಟ್ ರೆಡಿ’ ಕೂತಿದೆ. ಕಿಂಗ್‌ಸ್ಟನ್‌ನ ರೇ ಟೌನ್‌ನಲ್ಲಿ ಭಾನುವಾರ ರಾತ್ರಿಯ ಹಳೆ ಹಾಡುಗಳ ಬೀದಿ ಡ್ಯಾನ್ಸ್ ಹೆಸರುವಾಸಿ. ಅಲ್ಲಿ ಅಮೆರಿಕದ ಸೋಲ್ ಹಾಡಿಗೆ ಮುದುಕ ಮುದುಕಿಯರು ಕಣ್ಣು ಮುಚ್ಚಿ ಕುಣಿಯುತ್ತಾರೆ. ಸಂಬಂಧ ಇಲ್ಲವಂತೆ!

ಮೈಕ್‌ಸೆಟ್_ಮಂಜ

ಅಣ್ಣಾ ನಮಸ್ಕಾರ. ನಮ್ದು ದಾವಣಗೆರೆ ಹತ್ರ. ಅಪ್ಪಾಜಿ ಕಾಲದಿಂದ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡ್ತೀವಿ. ಹಾಡಿನ ವಿಷಯ ನಂಗೆ ಅಷ್ಟು ಗೊತ್ತಿಲ್ಲ, ಪೆಟ್ಟಿಗೆ ವಿಷಯ ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ವಿಡಿಯೋದಲ್ಲಿ ನೋಡ್ದೆ, ಮನೆ ಬಾಗಿಲಷ್ಟು ಎತ್ತರ ಕಪಾಟು ಥರ ನಿಲ್ಸಿರ್ತಾರೆ, ಜನ ಅದಕ್ಕೆ ಬೆನ್ನು ಕೊಟ್ಟು ಆರಾಮಾಗಿ ನಿಂತಿರ್ತಾರೆ. ನಮ್ಮ ಗಣಪತಿ ಮೆರವಣಿಗೆ ಡಿಜೆ ಮುಂದೆ ಐದು ನಿಮಿಷ ನಿಂತ್ರೆ ತಲೆ ಸಿಡಿಯುತ್ತೆ. ಏನು ವ್ಯತ್ಯಾಸ?

ಹಳೇಸೂಜಿ

ಮಂಜಾ, ಇಡೀ ಚರ್ಚೆಗೆ ಇದೇ ಮೊದಲ ಪ್ರಶ್ನೆ ಆಗಬೇಕಿತ್ತು.

ನಿಮ್ಮ ಅಪ್ಪಾಜಿಯ ಕಾಲದ ತುತ್ತೂರಿ ಸ್ಪೀಕರ್ ನೆನೆಸಿಕೋ. ಮರದ ಮೇಲೆ ಕಟ್ಟಿದರೆ ಮೂರು ಹಳ್ಳಿಗೆ ಮಾತು ಮುಟ್ಟುತ್ತದೆ, ಆದರೆ ಬೇಸ್ ಸೊನ್ನೆ. ಅದನ್ನು ಮಾಡಿರುವುದೇ ಮಾತಿಗೆ. ಸುಮಾರು 300 ಹರ್ಟ್ಜ್‌ಗಿಂತ ಕೆಳಗೆ ಅದಕ್ಕೆ ಉಸಿರಿಲ್ಲ. ಈಗಿನ ಮೆರವಣಿಗೆ ಡಿಜೆ ಅದರ ತದ್ವಿರುದ್ಧ: ಕೆಳಗೆ ಬೇಸ್, ಮೇಲೆ ಕಿವಿ ಕೊರೆಯುವ ಹಾರ್ನ್, ನಡುವೆ ಖಾಲಿ. ಜೊತೆಗೆ ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ಓಡುತ್ತಿರುತ್ತದೆ. ತಲೆ ಸಿಡಿಯುವುದು ಜೋರಿನಿಂದ ಮಾತ್ರ ಅಲ್ಲ, ಒಡೆದ ಸದ್ದಿನಿಂದ.

ಜಮೈಕಾ ಪದ್ಧತಿಯ ಸೌಂಡ್‌ನಲ್ಲಿ ಸದ್ದನ್ನು ನಾಲ್ಕೈದು ಪಾಲು ಮಾಡಿ ಹಂಚುತ್ತಾರೆ. ಎಲ್ಲಕ್ಕಿಂತ ಕೆಳಗೆ 18 ಇಂಚಿನ ಸ್ಪೀಕರ್ ಇರುವ ಸ್ಕೂಪ್. ಕೋನ್‌ನ ಹಿಂದಿನಿಂದ ಹೊರಡುವ ಗಾಳಿ ಪೆಟ್ಟಿಗೆಯೊಳಗೆ ಮಡಿಚಿದ ದಾರಿಯಲ್ಲಿ ಸುತ್ತಿಬಂದು ಕೆಳಗಿನ ಅಗಲ ಬಾಯಿಂದ ಹೊರಬರುತ್ತದೆ. 50 ಹರ್ಟ್ಜ್ ಅಲೆಯ ಉದ್ದವೇ ಸುಮಾರು 7 ಮೀಟರ್, ಸಣ್ಣ ಪೆಟ್ಟಿಗೆಯಲ್ಲಿ ಅದನ್ನು ಸಾಕಲಾಗದು. ಅದರ ಮೇಲೆ ಡ್ರಮ್ ಗುದ್ದಿಗೆ ಕಿಕ್, ಮತ್ತೆ ನಡುಸದ್ದಿಗೆ 12 ಅಥವಾ 15 ಇಂಚಿನ ಮಿಡ್, ತುದಿಯಲ್ಲಿ ತೆಳುಸದ್ದಿಗೆ ಟ್ವೀಟರ್ ಗೊಂಚಲು. ಒಂದೊಂದಕ್ಕೂ ಬೇರೆ ಬೇರೆ ಆಂಪ್ಲಿಫೈಯರ್. ಇಷ್ಟಕ್ಕೂ ಲಗಾಮು ಪ್ರೀಆಂಪ್ ಎಂಬ ಒಂದು ಪೆಟ್ಟಿಗೆಯಲ್ಲಿ. ಹಾಡು ನಡೆಯುತ್ತಿರುವಾಗ ಆಪರೇಟರ್ ಬೇಸ್ ಪೂರ್ತಿ ತೆಗೆದುಬಿಡುತ್ತಾನೆ, ಬರೀ ದನಿ ಮತ್ತು ಟಿಸ್ ಟಿಸ್ ಉಳಿಯುತ್ತದೆ, ಜನ ಕಾಯುತ್ತಾರೆ, ಇನ್ನೂ ಕಾಯಿಸುತ್ತಾನೆ, ಆಮೇಲೆ ಒಮ್ಮೆಲೇ ಬಿಡುತ್ತಾನೆ. ಷರ್ಟಿನ ಗುಂಡಿ ಅಲುಗುತ್ತದೆ, ಆದರೂ ಪಕ್ಕದವನ ಜೊತೆ ಮಾತಾಡಬಹುದು. ಹಾಗಂತ ಕಿವಿಗೆ ಹತ್ತಿ ಇಲ್ಲದೆ ಹೋಗಬೇಡ. ನನ್ನ ಎಡಗಿವಿಯಲ್ಲಿ ಈಗ ಹಗಲಿರುಳು ಜೀರುಂಡೆ ಕೂಗುತ್ತದೆ.

ಕುಡ್ಲದ_ನರ್ಸ್

ಹಳೇಸೂಜಿಯವರೇ, ನೀವು ಗಂಡಸರು ಯಾವಾಗಲೂ ಪೆಟ್ಟಿಗೆ, ವಾಲ್ವ್, ಇಂಚು. ಕುಣಿದವರ ಕಡೆಯಿಂದಲೂ ಸ್ವಲ್ಪ ಕೇಳಿ ಮಾರಾಯ್ರೆ.

ನಾನು ಲಂಡನ್ನಿನ ಲೂಯಿಶಮ್ ಕಡೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ. ವಾರ್ಡಿನಲ್ಲಿ ಜೊತೆಗಿದ್ದವರು ಹೆಚ್ಚಿನವರು ಜಮೈಕಾ, ಬಾರ್ಬಡೋಸ್ ಹುಡುಗಿಯರು. ಮೊದಲು ನಮಗೆ ಗೆಳೆತನ ಆದದ್ದು ಯಾರಿಂದ ಹೇಳಿ ನೋಡುವ. ಜಿಮ್ ರೀವ್ಸ್! ಮಂಗಳೂರಿನಲ್ಲಿ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಬಂತೆಂದರೆ ಅವನದ್ದೇ ರೆಕಾರ್ಡ್. ಅವರ ಮನೆಗಳಲ್ಲೂ ಹಾಗೆಯೇ ಅಂತೆ. ಕೌಬಾಯ್ ಟೋಪಿಯ ನಾಡಿನ ಬಿಳಿಯನ ಹಾಡು ಮಂಗಳೂರಿನ ಕ್ಯಾಥೊಲಿಕ್ ಹುಡುಗಿಗೂ ಕಿಂಗ್‌ಸ್ಟನ್‌ನ ಪೆಂಟಕೋಸ್ಟಲ್ ಹುಡುಗಿಗೂ ಬಾಯಿಪಾಠ.

ಅವರ ಜೊತೆ ಶನಿವಾರ ಬ್ಲೂಸ್‌ಗೆ ಹೋಗುತ್ತಿದ್ದೆ. ಬ್ಲೂಸ್ ಅಂದರೆ ಯಾರದ್ದೋ ಮನೆಯಲ್ಲಿ ರಾತ್ರಿಯಿಡೀ ಪಾರ್ಟಿ, ಬಾಗಿಲಲ್ಲಿ ಸಣ್ಣ ದುಡ್ಡು ಕೊಟ್ಟು ಒಳಗೆ ಹೋಗುವುದು. ಮಂಚ, ಸೋಫಾ ಎಲ್ಲ ಹಿತ್ತಲಿಗೆ. ಅಡುಗೆಮನೆಯಲ್ಲಿ ಆಡಿನ ಮಾಂಸದ ಕರಿ, ಅನ್ನ. ಕೋಣೆಯಲ್ಲಿ ಒಂದೇ ಬಲ್ಬು, ಅದೂ ಕೆಂಪು. ಗೋಡೆಯ ವಾಲ್‌ಪೇಪರ್ ಬೆವರಿ ಬೆನ್ನಿಗೆ ಅಂಟುತ್ತಿತ್ತು. ವಿದ್ಯುತ್ ಮೀಟರಿಗೆ ನಾಣ್ಯ ಹಾಕಬೇಕಿತ್ತು ಆಗ. ಒಳ್ಳೆ ಹಾಡಿನ ನಡುವೆ ನಾಣ್ಯ ಮುಗಿದು ಎಲ್ಲ ಠಪ್ ಅಂತ ನಿಂತು, ಕತ್ತಲಲ್ಲಿ ನೂರು ಜನ ‘ಮೀಟರ್! ಮೀಟರ್!’ ಅಂತ ಬೊಬ್ಬೆ.

ಪೇಟೆಯ ಕ್ಲಬ್ಬಿಗೆ ಯಾಕೆ ಹೋಗಲಿಲ್ಲ ಅಂತ ಈಗಿನ ಮಕ್ಕಳು ಕೇಳುತ್ತಾರೆ. ಬಿಡುತ್ತಿರಲಿಲ್ಲ, ಅಷ್ಟೇ. ಸಾರ್ವಜನಿಕ ಜಾಗದಲ್ಲಿ ಬಣ್ಣ ನೋಡಿ ತಡೆಯಬಾರದು ಅಂತ 1965ರಲ್ಲೇ ಕಾನೂನು ಬಂದಿತ್ತು. ಬಾಗಿಲಲ್ಲಿ ನಿಂತ ದಾಂಡಿಗನಿಗೆ ಮಾತ್ರ ಅದು ತಲುಪಿರಲಿಲ್ಲ. ನಾನು ಸೀರೆ ಉಟ್ಟಿದ್ದರೂ ಸ್ಕರ್ಟ್ ಹಾಕಿದ್ದರೂ ‘ಇವತ್ತು ಸದಸ್ಯರಿಗೆ ಮಾತ್ರ’.

ಮತ್ತೆ ಹಾಡು. ಬ್ಲೂಸ್‌ನಲ್ಲಿ ಗಂಡುಮಕ್ಕಳ ಗಡಸು ಡಬ್ (ದನಿ ತೆಗೆದು ಬೇಸ್, ಡ್ರಮ್ ಮುಂದೆ ಮಾಡಿದ ರೆಗ್ಗೆ) ಒಂದು ಕಡೆ, ನಮಗೆ ಬೇಕಾದದ್ದು ಲವರ್ಸ್ ರಾಕ್, ಪ್ರೇಮದ ಮೆದು ರೆಗ್ಗೆ. ಅದು ಜಮೈಕಾದ್ದಲ್ಲ, ಲಂಡನ್‌ನದೇ ಕೂಸು, ಅದರ ಮೈಯಲ್ಲಿ ಹರಿದದ್ದು ಸೋಲ್. 1975ರಲ್ಲಿ ಲೂಯಿಸಾ ಮಾರ್ಕ್ ಅಂತ ಶಾಲೆಗೆ ಹೋಗುವ ಹುಡುಗಿ ‘ಕಾಟ್ ಯೂ ಇನ್ ಅ ಲೈ’ ಹಾಡಿದಳು. ಮೂಲ ಹಾಡು ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಪಾರ್ಕರ್‌ನದು. ಹಾಡಿಸಿದವನು ಲಾಯ್ಡಿ ಕಾಕ್ಸನ್ (ಮೇಲಿನ ಕಿಂಗ್‌ಸ್ಟನ್ ಕಾಕ್ಸನ್ ಅಲ್ಲ), ಅವನೂ ಸೌಂಡ್ ಸಿಸ್ಟಮ್‌ನವನೇ. ಗಂಡಸಿನ ಬಾಯಲ್ಲಿ ಹಾಡು ಹಾಡಾಗಿಯಷ್ಟೇ ಇತ್ತು. ಹದಿಹರೆಯದ ಹುಡುಗಿ ಹೇಳಿದಾಗ ನಮ್ಮೊಳಗೆ ಎಷ್ಟು ಜನರಿಗೆ ಯಾರ್ಯಾರ ಮುಖ ಕಂಡಿತೋ! 1979ರಲ್ಲಿ ಜಾನೆಟ್ ಕೇ ಹಾಡಿದ, ಡೆನಿಸ್ ಬೋವೆಲ್ ಮಾಡಿಕೊಟ್ಟ ‘ಸಿಲ್ಲಿ ಗೇಮ್ಸ್’ ಬ್ರಿಟನ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದರ ಕೊನೆಯ ಮೇಲಿನ ಸ್ವರಕ್ಕೆ ನಾವೆಲ್ಲ ಏರಲು ಹೋಗಿ ಕೆಮ್ಮುತ್ತಿದ್ದೆವು.

ಇನ್ನೊಂದು ಹೇಳದೆ ಇರಲಾರೆ. 1981ರ ಜನವರಿ 18ರ ಬೆಳಗಿನ ಜಾವ ನ್ಯೂ ಕ್ರಾಸ್ ರಸ್ತೆಯ ಮನೆಯೊಂದರಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದಾಗ ಬೆಂಕಿ ಬಿತ್ತು. 13 ಕಪ್ಪು ಹುಡುಗ ಹುಡುಗಿಯರು ಹೋದರು. ಮಾರ್ಚ್ 2ರಂದು ಸಾವಿರಾರು ಜನ ಲಂಡನ್ ಬೀದಿಯಲ್ಲಿ ನಡೆದರು. ಅದಾದ ಮೇಲೆ ಎಷ್ಟೋ ತಾಯಂದಿರು ಮಕ್ಕಳನ್ನು ಬ್ಲೂಸ್‌ಗೆ ಬಿಡಲಿಲ್ಲ.

ಬೋಲ್ಟನ್_ಬಸವ

ಅಕ್ಕಾರ, ಭಾಳ ಛಲೋ ಬರದೀರಿ. ಹಳೇಸೂಜಿ ಸರ, ನಿಮ್ಮ ಲಂಡನ್ ಪುರಾಣ ಆತು, ಈಗ ಇಂಗ್ಲೆಂಡಿನ ಉತ್ತರದ ಕಡೆ ಒಂದೀಟ ಬರ್ರಿ. ನಾ ಹುಬ್ಬಳ್ಳ್ಯಾಂವ, ತೊಂಬತ್ತರ ದಶಕದಾಗ ಬೋಲ್ಟನ್‌ಕ ಬಂದೆ. ಫ್ಯಾಕ್ಟರಿಯೊಳಗ ನನ್ನ ಶಿಫ್ಟಿನ ಹಿರಿಯಾಂವ ಒಬ್ಬ ನಾರ್ದರ್ನ್ ಸೋಲ್ ಹುಚ್ಚ. ಅಂವನ ಕೂಡ ಹೋಗಿ ನನಗೂ ಹತ್ತಿತು.

ಇಲ್ಲಿ ಸೌಂಡ್ ಸಿಸ್ಟಮ್ ಇಲ್ಲ, ಪೆಟ್ಟಿಗಿ ಪೂಜಾ ಇಲ್ಲ. ಇದ್ದದ್ದು ರೆಕಾರ್ಡ್ ಮತ್ತ ಮರದ ನೆಲ. ಗಿರಣಿ, ಗಣಿ, ಎಂಜಿನಿಯರಿಂಗ್ ಶೆಡ್ಡಿನ್ಯಾಗ ದುಡಿಯೋ ಬಿಳಿ ಹುಡುಗೂರು ಡೆಟ್ರಾಯಿಟ್, ಷಿಕಾಗೋದಾಗ ಯಾರೂ ಕೊಳ್ಳಲಾರದ್ದ ಅರವತ್ತರ ದಶಕದ ಸೋಲ್ ರೆಕಾರ್ಡ್ ಹುಡುಕಿ ತಂದು ರಾತ್ರಿಪೂರ್ತಿ ಕುಣೀತಿದ್ರು. ಮ್ಯಾಂಚೆಸ್ಟರ್‌ನ ಟ್ವಿಸ್ಟೆಡ್ ವ್ಹೀಲ್, ಆಮ್ಯಾಲ ವಿಗನ್ ಕ್ಯಾಸಿನೋ, 1973ರ ಸಪ್ಟೆಂಬರ್ 23ರಿಂದ 1981ರ ಡಿಸೆಂಬರ್ 6ರ ತನಕ. ನಡುರಾತ್ರಿ 2ಕ್ಕ ಶುರು, ಮುಂಜಾನೆ 8ಕ್ಕ ಮುಕ್ತಾಯ. ದಾರು ಮಾರಾಟ ಇಲ್ಲ. ಕಾಲು ಜಾರಲಿ ಅಂತ ನೆಲಕ್ಕ ಟಾಲ್ಕಮ್ ಪೌಡರ್. ಕಡೀಕ ಪ್ರತಿ ಸರ್ತಿ ಅವೇ ಮೂರು ಹಾಡು, ‘ಎಂಟರ ಮುಂಚಿನ ಮೂರು’ ಅಂತಿದ್ರು. ಹೆಸರು ಇಟ್ಟಾಂವ ಡೇವ್ ಗಾಡಿನ್. ಲಂಡನ್ನಾಗ ಅಂವನ ರೆಕಾರ್ಡ್ ಅಂಗಡಿಗೆ ಉತ್ತರದ ಫುಟ್‌ಬಾಲ್ ಹುಡುಗೂರು ಮ್ಯಾಚಿಗೆ ಬಂದಾಗ ಹೊಸಾ ಫಂಕ್ ಬ್ಯಾಡ, ಹಳೇ ಓಟದ ಹಾಡ ಬೇಕು ಅಂತಿದ್ರಂತ. ಅವ್ನ ಬ್ಯಾರೆ ತಗದಿಡ್ರಿ ಅಂತ ಅಂಗಡಿ ಹುಡುಗೂರಿಗೆ ಹೇಳಿದ್ದ ಹೆಸರು ಆತು.

ಆದ್ರ ಹಳೇಸೂಜಿ ಸರ, ಒಂದು ಕಡೆ ನಿಮ್ಮೋರೂ ನಮ್ಮೋರೂ ಒಂದ ಜಾತಿ. ಲೇಬಲ್ ಮುಚ್ಚೋದು! ವಿಗನ್ನಾಗ ಡಿಜೆಗಳು ಅಪರೂಪದ ರೆಕಾರ್ಡಿನ ಮ್ಯಾಲ ಬಿಳಿ ಕಾಗದ ಹಚ್ಚಿ ಸುಳ್ಳ ಹೆಸರು ಬರೀತಿದ್ರು. ಫ್ರ್ಯಾಂಕ್ ವಿಲ್ಸನ್ನನ ‘ಡೂ ಐ ಲವ್ ಯೂ’ 1965ರದ್ದು, ಮೋಟೌನ್ನಿನ ‘ಸೋಲ್’ ಅನ್ನೋ ಲೇಬಲ್. ಹೊರಗ ಬರೂದ್ರಾಗ ನಿಂತು ಬೆರಳೆಣಿಕಿ ಪ್ರತಿ ಉಳದ್ವು. ಅದನ್ನ ಇಲ್ಲಿ ಎಡ್ಡಿ ಫಾಸ್ಟರ್ ಅನ್ನೋ ಹೆಸರಿಲೆ ಬಾರಿಸಿದ್ರು. ಕ್ಯಾಸಿನೋ ಮುಚ್ಚಿದ ದಿನದ ಕಟ್ಟಕಡೇ ಹಾಡೂ ಅದ. 2009ರಾಗ ಒಂದು ಪ್ರತಿ 25,742 ಪೌಂಡಿಗೆ ಹೋತು.

ಹಳೇಸೂಜಿ

ಬಸವಾ, ಬಲವಾದ ಎಳೆ ಹಿಡಿದಿರಿ. ಕಿಂಗ್‌ಸ್ಟನ್‌ನಲ್ಲಿ ಕಾಗದ ಅಂಟಿಸುವ ಸಾವಧಾನ ಇರಲಿಲ್ಲ, ಲೇಬಲ್ ಕೆರೆದೇ ಬಿಡುತ್ತಿದ್ದರು. ಕಾಕ್ಸನ್‌ನ ಹೆಗ್ಗುರುತಿನ ಹಾಡು ‘ಕಾಕ್ಸನ್ ಹಾಪ್’. ಅಸಲಿಗೆ ಅದು ಅಮೆರಿಕದ ಸ್ಯಾಕ್ಸೊಫೋನ್ ವಾದಕ ವಿಲಿಸ್ ಜಾಕ್ಸನ್‌ನ ‘ಲೇಟರ್ ಫಾರ್ ದಿ ಗೇಟರ್’. ವರ್ಷಗಟ್ಟಲೆ ಯಾರಿಗೂ ಗುಟ್ಟು ಸಿಗಲಿಲ್ಲ. ಕೊನೆಗೆ ಡ್ಯೂಕ್ ರೀಡ್ ಕೈಗೆ ಆ ರೆಕಾರ್ಡ್ ಸಿಕ್ಕು, ಒಂದು ರಾತ್ರಿ ಡ್ಯಾನ್ಸ್‌ನಲ್ಲಿ ಹಾಕಿದಾಗ ಕಾಕ್ಸನ್ ಅಲ್ಲೇ ಕುಸಿದು ಬಿದ್ದ ಅಂತ ಪ್ರಿನ್ಸ್ ಬಸ್ಟರ್ ಹೇಳುತ್ತಿದ್ದ. ಬಸ್ಟರ್ ಆಗ ಕಾಕ್ಸನ್ ಕಡೆಯವನು, ಮುಂದೆ ತಾನೇ ಎದುರಾಳಿ ಸೌಂಡ್ ಕಟ್ಟಿದವನು. ಉಪ್ಪು ಖಾರ ಎಷ್ಟು ಬೆರೆಸಿದ್ದಾನೋ ಬಿಡಿ.

ಡಬ್‌ಪ್ಲೇಟ್ ಕೂಡ ಇದೇ ಗುಟ್ಟಿನ ವ್ಯಾಪಾರದ ಮುಂದುವರಿಕೆ. ಅಲ್ಯುಮಿನಿಯಂ ತಟ್ಟೆ, ಮೇಲೆ ಮೆರುಗೆಣ್ಣೆ ಲೇಪ, ಒಂದೇ ಪ್ರತಿ ಕೊರೆದುಕೊಡುತ್ತಾರೆ. ಸೂಜಿ ಓಡಿದಂತೆಲ್ಲ ಸವೆಯುತ್ತದೆ. ಸವೆಯುವ ಮುನ್ನ ಎದುರಾಳಿಯನ್ನು ಹೊಡೆದುರುಳಿಸಬೇಕು.

ಪಲ್ಲವಿ_ಚರಣ

ಎಲ್ಲರೂ ರೋಮಾಂಚನದಿಂದ ಬರೆಯುತ್ತಿದ್ದೀರಿ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಲೇಬಲ್ ಕೆರೆದು, ಹೆಸರು ಬದಲಿಸಿ, ಹಾಡಿದವನನ್ನೇ ಅಳಿಸಿಹಾಕುವುದನ್ನು ಸಂಸ್ಕೃತಿ ಅನ್ನುತ್ತೀರಾ? ಡೆಟ್ರಾಯಿಟ್‌ನಲ್ಲಿ ಒಬ್ಬ ಕಪ್ಪು ಹಾಡುಗಾರ ಸೋತು ಬೇರೆ ಕೆಲಸಕ್ಕೆ ಹೋಗಿದ್ದಾನೆ. ಇಲ್ಲಿ ಅವನ ಹಾಡಿಗೆ ಸಾವಿರಾರು ಜನ ಕುಣಿಯುತ್ತಿದ್ದಾರೆ, ಬೇರೊಬ್ಬನ ಹೆಸರಲ್ಲಿ. ಅವನಿಗೆ ಸುದ್ದಿಯೂ ಇಲ್ಲ, ದುಡ್ಡೂ ಇಲ್ಲ. ಹಳೆ ಪ್ರತಿ 25,742 ಪೌಂಡಿಗೆ ಮಾರಾಟವಾದರೆ ಅದರಲ್ಲಿ ಹಾಡಿದವನಿಗೆ ಎಷ್ಟು? ಬಿಡಿಗಾಸಿಲ್ಲ. ಗ್ಲೋರಿಯಾ ಜೋನ್ಸ್ ಹಾಡಿದ 1965ರ ‘ಟೇಂಟೆಡ್ ಲವ್’ ನಾರ್ದರ್ನ್ ಸೋಲ್ ಕ್ಲಬ್ಬುಗಳಲ್ಲಿ ಮೆರೆಯಿತು, 1981ರಲ್ಲಿ ಸಾಫ್ಟ್ ಸೆಲ್ ಹಾಡಿ ನಂಬರ್ ಒನ್ ಮಾಡಿದರು. ಬರೆದವನು ಎಡ್ ಕಾಬ್, ಹಕ್ಕಿನ ಹಣ ಅವನಿಗೆ. ದನಿ ಕೊಟ್ಟವಳಿಗೆ ಕೀರ್ತಿ ಮಾತ್ರ, ಅದೂ ತಡವಾಗಿ.

ಬೋಲ್ಟನ್_ಬಸವ

ಮೇಡಂ, ಅರ್ಧ ಖರೇ ಅದ. ಇನ್ನರ್ಧ ಕೇಳ್ರಿ. ಅಮೆರಿಕಾ ಮರತುಬಿಟ್ಟ ಮಂದೀನ ಇಲ್ಲಿಯವರ ಕರಸಿ ಹಾಡಿಸ್ಯಾರ. ಮೇಜರ್ ಲ್ಯಾನ್ಸ್ ಸ್ಟೋಕ್ ಕಡೆ ಟಾರ್ಚ್ ಕ್ಲಬ್ಬಿಗೆ ಬಂದು ಹಾಡ್ಯಾನ, ರೆಕಾರ್ಡೂ ಬಂದದ. ಎಡ್ವಿನ್ ಸ್ಟಾರ್ ಅಂತೂ ಇಂಗ್ಲೆಂಡಿನ್ಯಾಗ ಮನಿ ಮಾಡಿ 2003ರಾಗ ಇಲ್ಲೇ ತೀರಿಕೊಂಡ. ಹುಡುಕಲಿಲ್ಲ ಅಂದ್ರ ಅವರ ರೆಕಾರ್ಡ್ ಗೋದಾಮಿನ್ಯಾಗ ಕೊಳೀತಿದ್ವು.

ಪಲ್ಲವಿ_ಚರಣ

ಕೆಲವರನ್ನು ಕರೆಸಿದರು, ಒಪ್ಪುತ್ತೇನೆ. ಆದರೆ ಕರೆಸಲು ಮೊದಲು ಹೆಸರು ಹೊರಗೆ ಬರಬೇಕಲ್ಲ? ಕಾಗದ ಕಿತ್ತಮೇಲೆ ತಾನೇ ಹಾಡುಗಾರ ಸಿಕ್ಕಿದ್ದು? ಹಾಗಾಗಿ ಶ್ರೇಯಸ್ಸು ಹುಡುಕಿದವನಿಗೆ ಸಲ್ಲಲಿ, ಮುಚ್ಚಿಟ್ಟವನಿಗೆ ಬೇಡ.

ಹಳೇಸೂಜಿ

ಪಲ್ಲವಿಯವರೇ, ನಿಮ್ಮ ಮಾತು ನಾಟುತ್ತದೆ. ಕಿಂಗ್‌ಸ್ಟನ್ ಸ್ಟುಡಿಯೋಗಳಲ್ಲೂ ವಾದ್ಯಗಾರರಿಗೆ ಒಂದಿಷ್ಟು ಕೂಲಿ ಕೊಟ್ಟು ಕೈತೊಳೆದುಕೊಂಡದ್ದೇ ಹೆಚ್ಚು. ಅವರು ನುಡಿಸಿದ ಅದೇ ತಾಳಪಟ್ಟಿಯ (ದನಿ ಬಿಟ್ಟು ಉಳಿದ ವಾದ್ಯಗಳ ಹಿನ್ನೆಲೆಯ) ಮೇಲೆ ಆಮೇಲೆ ಎಷ್ಟೋ ಹಾಡು ಬಂದವು, ಮೂಲ ಬೇಸ್ ನುಡಿಸಿದವನಿಗೆ ಚಹಾ ಕಾಸೂ ಬರಲಿಲ್ಲ. ಇದನ್ನು ನಾನು ಸಮರ್ಥಿಸಲಾರೆ.

ಆದರೆ ಗುಟ್ಟು ಮತ್ತು ವಂಚನೆಯನ್ನು ಒಂದೇ ಗಂಟಿನಲ್ಲಿ ಕಟ್ಟಬೇಡಿ. ಸೌಂಡ್‌ಮ್ಯಾನ್‌ಗೆ ಆಸ್ತಿ ಅಂತ ಇದ್ದದ್ದು ಎರಡೇ: ಪೆಟ್ಟಿಗೆ ಮತ್ತು ರೆಕಾರ್ಡ್. ಅವನ ರೆಕಾರ್ಡ್ ಎಲ್ಲರ ಬಳಿಯೂ ಇದ್ದರೆ ಗೇಟಿಗೆ ಯಾರು ಬರುತ್ತಾರೆ? ಆ ಪೈಪೋಟಿಯಿಂದಲೇ ಹೊಸದು ಹುಟ್ಟಿದ್ದು. 1967ರ ಹೊತ್ತಿಗೆ ಸ್ಪ್ಯಾನಿಷ್ ಟೌನ್‌ನ ರಡ್ಡಿ ರೆಡ್‌ವುಡ್ ಎಂಬ ಸೌಂಡ್‌ಮ್ಯಾನ್ ಡ್ಯೂಕ್ ರೀಡ್ ಸ್ಟುಡಿಯೋದಲ್ಲಿ ಪ್ಯಾರಗನ್ಸ್ ಹಾಡೊಂದನ್ನು ಕೊರೆಸುವಾಗ ಎಂಜಿನಿಯರ್ ದನಿ ಸೇರಿಸುವುದನ್ನು ಬಿಟ್ಟುಬಿಟ್ಟ. ರೆಡ್‌ವುಡ್ ಅದನ್ನೇ ಆ ರಾತ್ರಿ ಹಾಕಿದ, ಖಾಲಿ ಜಾಗದಲ್ಲಿ ಜನವೇ ಹಾಡಿದರು. ಹೀಗೆ ದನಿ ಇಲ್ಲದ ‘ವರ್ಷನ್’ ಹುಟ್ಟಿದ್ದು ಅಲ್ಲಿ. ರೇಡಿಯೋ ರಿಪೇರಿಯ ಕಿಂಗ್ ಟಬ್ಬಿ (ನಮ್ಮ ಕಸುಬಿನವನು, ಜಂಬ ಪಡಬೇಡವೇ?) ಅದನ್ನು ಡಬ್ ಆಗಿ ಬೆಳೆಸಿದ, ಖಾಲಿ ಜಾಗದಲ್ಲಿ ಯು-ರಾಯ್ ಮಾತು ಹೆಣೆದ. ಅದೇ ಬೀಜ ನ್ಯೂಯಾರ್ಕ್‌ಗೂ ಹೋಯಿತು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್‌ನ ಮೊದಲ ಪಾರ್ಟಿ ಅಂತ ಹೇಳುವ ಪಾರ್ಟಿ ನಡೆಸಿದ ಕೂಲ್ ಹರ್ಕ್ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವನು. ಅವನು ಹಾಕಿದ್ದೂ ಜೇಮ್ಸ್ ಬ್ರೌನ್‌ನಂಥವರ ಫಂಕ್, ಸೋಲ್.

ಲಂಡನ್‌ನಲ್ಲಿ ಸೋಲ್ ಮತ್ತೆ ಸೌಂಡ್ ಸಿಸ್ಟಮ್‌ನ ಮುಂಚೂಣಿಗೆ ಬಂದದ್ದು ನಾನು ಕಣ್ಣಾರೆ ಕಂಡ ಕತೆ. ನಾನು ಬರುವ ಮುಂಚೆಯೇ, 1973ರಲ್ಲಿ, ಲೆಸ್ಲಿ ಪಾಮರ್ ನಾಟಿಂಗ್ ಹಿಲ್ ಬೀದಿ ಕಾರ್ನಿವಲ್‌ಗೆ ಒಂದೇ ಕಡೆ ನಿಲ್ಲುವ ಸೌಂಡ್‌ಗಳನ್ನು ಸೇರಿಸಿದ. ಮೂಲೆ ಮೂಲೆಗೂ ರೆಗ್ಗೆ. ಅದರ ನಡುವೆ ನಾರ್ಮನ್ ಜೇ ತನ್ನ ‘ಗುಡ್ ಟೈಮ್ಸ್’ ಸೌಂಡ್‌ನಲ್ಲಿ ಸೋಲ್, ಫಂಕ್, ಡಿಸ್ಕೋ ಹಾಕಿದಾಗ ಮೊದಮೊದಲು ಜನ ಮುಖ ಸಿಂಡರಿಸಿದರು. ಕೆಲವೇ ವರ್ಷದಲ್ಲಿ ಆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಸ್ ಎಫ್‌ಎಂ ಲೈಸೆನ್ಸ್ ಇಲ್ಲದ ಕಳ್ಳ ರೇಡಿಯೋ ಆಗಿದ್ದ ಕಾಲದಲ್ಲಿ ‘ರೇರ್ ಗ್ರೂವ್’ ಅಂತ ಹಳೆ ಸೋಲ್‌ಗೆ ಹೊಸ ಜೀವ ಕೊಟ್ಟವನೂ ಅವನೇ. ನಾನು ಕೇಳಿದಾಗೆಲ್ಲ ಹೆಸರು ಹೇಳಿಯೇ ಹಾಕುತ್ತಿದ್ದ, ಪಲ್ಲವಿಯವರಿಗೆ ಇಷ್ಟವಾದೀತು. 2002ರಲ್ಲಿ ರಾಣಿಯ ಗೌರವವೂ ಸಿಕ್ಕಿತು.

ಕುಡ್ಲದ_ನರ್ಸ್

ಜಾಝಿ ಬಿ ಮರೆತಿರಲ್ಲ! ಕೋವೆಂಟ್ ಗಾರ್ಡನ್‌ನ ಆಫ್ರಿಕಾ ಸೆಂಟರ್‌ನಲ್ಲಿ ಭಾನುವಾರ ರಾತ್ರಿ ಅವನ ಸೌಂಡ್, ಸೋಲ್ ಟು ಸೋಲ್. ಸೋಮವಾರ ಬೆಳಗಿನ ಡ್ಯೂಟಿ ಇದ್ದರೂ ಹೋಗಿದ್ದೇನೆ. ಹೊರಗೆ ಚಳಿಯಲ್ಲಿ ಸರತಿ, ಒಳಗೆ ಎಲ್ಲ ಬಣ್ಣದವರು ಒಟ್ಟಿಗೆ. ನನ್ನ ವಯಸ್ಸಿನವರು ಕಡಿಮೆ, ಯಾರೂ ಕ್ಯಾರೇ ಅನ್ನಲಿಲ್ಲ. 1989ರಲ್ಲಿ ‘ಬ್ಯಾಕ್ ಟು ಲೈಫ್’ ನಂಬರ್ ಒನ್, ಮರುವರ್ಷ ಎರಡು ಗ್ರ್ಯಾಮಿ. ಅದು ಬ್ಯಾಂಡ್ ಅಲ್ಲ ಮಾರಾಯ್ರೆ, ಸೌಂಡ್ ಸಿಸ್ಟಮ್! ಬೇಸ್ ರೆಗ್ಗೆಯದು, ತಾಳ ಹಿಪ್‌ಹಾಪ್‌ನದು, ಕ್ಯಾರನ್ ವೀಲರ್ ದನಿ ಶುದ್ಧ ಸೋಲ್. ನಿಮ್ಮ ಮೂಲ ಪ್ರಶ್ನೆಗೆ ಇದೊಂದೇ ರೆಕಾರ್ಡ್ ಸಾಕಿತ್ತು, ಇಷ್ಟುದ್ದ ಬರೆಯುವುದು ಬೇಡವಿತ್ತು.

ವಾರಾಂತ್ಯ_ಡಿಜೆ

ಸಕ್ಕತ್ ಥ್ರೆಡ್ ಗುರು. ಬೆಂಗಳೂರಲ್ಲಿ ಇಂದಿರಾನಗರದ ಪಬ್ಬುಗಳಲ್ಲಿ ಪ್ಲೇ ಮಾಡ್ತೀನಿ. ಒಂದು ನಿಜ ಹೇಳ್ಲಾ? ಈಗ ಯಾವುದೇ ಹಾಡು ಹಾಕಿದ್ರೂ ಮೂರನೇ ಸೆಕೆಂಡಿಗೆ ಫೋನ್ ಎತ್ತಿ ಹೆಸರು ಕಂಡುಹಿಡೀತಾರೆ. ಗುಟ್ಟು ಅನ್ನೋದೇ ಇಲ್ಲ. ಲೇಬಲ್ ಮುಚ್ಚೋ ಕಾಲದ ಬಗ್ಗೆ ಓದಿ ಹೊಟ್ಟೆ ಉರೀತು. ಪಲ್ಲವಿ ಅಕ್ಕ ಬೈಬೇಡಿ 🙂

ಸೋಲ್ ಹೊಸದಾಗಿ ಕೇಳೋನಿಗೆ ಎಲ್ಲಿಂದ ಶುರು ಮಾಡ್ಬೇಕು? ನೂರು ಹಾಡಿನ ಪಟ್ಟಿ ಕೊಡ್ಬೇಡಿ, ಕೇಳಲ್ಲ.

ಹಳೇಸೂಜಿ

ಪಟ್ಟಿ ಬೇಡ, ಜೋಡಿ ಕೇಳು. ಇಂಪ್ರೆಷನ್ಸ್‌ನ ‘ಮಿನ್‌ಸ್ಟ್ರೆಲ್ ಅಂಡ್ ಕ್ವೀನ್’ ಕೇಳಿ, ತಕ್ಷಣ ಟೆಕ್ನಿಕ್ಸ್‌ನ ‘ಕ್ವೀನ್ ಮೆಜೆಸ್ಟಿ’. ರಾಬರ್ಟ್ ಪಾರ್ಕರ್ ಆದಮೇಲೆ ಲೂಯಿಸಾ ಮಾರ್ಕ್. ಸಮುದ್ರ ದಾಟುವಾಗ ಬೇಸ್ ಎಲ್ಲಿ ಸರಿಯಿತು, ಡ್ರಮ್ ಯಾವ ಪೆಟ್ಟನ್ನು ಬಿಟ್ಟಿತು ಅಂತ ಗಮನಿಸು. ಫೋನ್ ಸ್ಪೀಕರಿನಲ್ಲಿ ಮಾತ್ರ ಬೇಡ, ಕೆಳಗಿನ ಸದ್ದು ಅದರಲ್ಲಿ ಬರುವುದೇ ಇಲ್ಲ. ಆಮೇಲೆ ಮೆಂಫಿಸ್‌ನ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ ಕಡೆ ಹೋಗು. ಹಳೆ ಸಿನಿಮಾ ಟಾಕೀಸನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು, ನೆಲ ಇಳಿಜಾರಾಗಿಯೇ ಉಳಿದಿತ್ತು. ಓಟಿಸ್ ರೆಡಿಂಗ್ ಹಿಂದಿನ ಆ ಡ್ರಮ್ ಸದ್ದು ಕೋಣೆಯ ಸದ್ದೂ ಹೌದು.

ಮತ್ತೆ, ಫೋನ್ ಎತ್ತುತ್ತಾರೆ ಅಂತ ಕೊರಗಬೇಡ. 2023ರಲ್ಲಿ ತೀರಿಕೊಂಡ ಲಂಡನ್‌ನ ಸೌಂಡ್‌ಮ್ಯಾನ್ ಜಾ ಶಾಕಾ ಕೊನೆವರೆಗೂ ಒಂದೇ ಟರ್ನ್‌ಟೇಬಲ್ ಇಟ್ಟುಕೊಂಡಿದ್ದರು. ಒಂದು ಹಾಡು ಮುಗಿದು ಇನ್ನೊಂದು ಹಾಕುವವರೆಗೆ ಮೌನ. ಆ ಮೌನದಲ್ಲಿ ಜನ ಶಿಳ್ಳೆ ಹೊಡೆದು ಕಾಯುತ್ತಿದ್ದರು. ಹೆಸರು ಗೊತ್ತಾದ ಮಾತ್ರಕ್ಕೆ ಮುಂದಿನದು ಯಾವುದು ಅಂತ ಯಾವ ಫೋನೂ ಹೇಳುವುದಿಲ್ಲ.

ಪಲ್ಲವಿ_ಚರಣ

ಬೈಯುವುದಿಲ್ಲ. ಆದರೆ ಪಬ್ಬಿನಲ್ಲಿ ಹಾಕಿದ ಹಾಡುಗಳ ಹೆಸರು, ಹಾಡಿದವರ ಹೆಸರು ಬರೆದು ಗೋಡೆಗೆ ಅಂಟಿಸಿ ನೋಡಿ. ಜನ ಓದುತ್ತಾರೆ.

ವಾರಾಂತ್ಯ_ಡಿಜೆ

ಇದು ಒಳ್ಳೆ ಐಡಿಯಾ. ಈ ಶನಿವಾರನೇ ಮಾಡ್ತೀನಿ.

ಮೈಕ್‌ಸೆಟ್_ಮಂಜ

ಅಣ್ಣಾ, ನಾನು ಇನ್ನೂ ಪೆಟ್ಟಿಗೆ ಹತ್ರನೇ ನಿಂತಿದೀನಿ. ರಾತ್ರಿ 10ಕ್ಕೆ ಹೆಂಗಿದ್ರೂ ಬಂದ್ ಮಾಡ್ಬೇಕು, ಜೋರು ಮಾಡಿ ಏನೂ ಸಾಧಿಸೋದಿಲ್ಲ, ನೀವು ಹೇಳಿದಂಗೆ ಕ್ಲೀನ್ ಸದ್ದು ಮಾಡೋಣ ಅನ್ನಿಸ್ತು. ನಮ್ಮ ಬಡಗಿ ಹತ್ರ ಮಾತಾಡ್ದೆ, ಒಂದು ಜೊತೆ ಸ್ಕೂಪ್ ಮಾಡ್ಕೊಡ್ತಾನಂತೆ. ಮನೇಲಿ 18 ಇಂಚಿನ ಎರಡು ಸ್ಪೀಕರ್ ಬಿದ್ದಿವೆ. ಪಾರ್ಟಿಕಲ್ ಬೋರ್ಡ್ ನಡೆಯುತ್ತಾ?

ಹಳೇಸೂಜಿ

ಬೇಡವೇ ಬೇಡ. ಒಂದು ಮಳೆಗಾಲಕ್ಕೆ ಉಬ್ಬಿ ಹೋಗುತ್ತದೆ, ಸ್ಕ್ರೂ ಕೂಡ ಹಿಡಿಯುವುದಿಲ್ಲ. 18 ಮಿಲಿಮೀಟರ್ ಒಳ್ಳೆ ಪ್ಲೈವುಡ್ ತಗೋ. ಒಳಗಿನ ಕೀಲುಗಳಿಗೆಲ್ಲ ಅಂಟು ಧಾರಾಳ ಹಾಕಿಸು, ಗಾಳಿ ಸೋರಿದರೆ ಪುಸ್ ಪುಸ್ ಅನ್ನುತ್ತದೆ. ಒಳಗೆ ಅಡ್ಡಪಟ್ಟಿ ಕೊಡಿಸುವುದು ಮರೆಯಬೇಡ. ಮೊದಲು ಆ ಸ್ಪೀಕರ್ ಹಿಂದಿನ ಮಾಡೆಲ್ ನಂಬರಿನ ಫೋಟೋ ಹಾಕು. ಎಲ್ಲ 18 ಇಂಚೂ ಸ್ಕೂಪ್‌ಗೆ ಹೊಂದುವುದಿಲ್ಲ, ನೋಡಿ ಅಳತೆ ಹೇಳುತ್ತೇನೆ. ಅಲ್ಲಿವರೆಗೆ ಬಡಗಿಗೆ ಅಡ್ವಾನ್ಸ್ ಕೊಡಬೇಡ.